ಇಳಿದು ಹತ್ತುವ ಕೆಲಸ

ನಮ್ಮ ತೋಟದ ಅಡಿಕೆ ಮರ ಹತ್ತುವ ರೂಪೇಶ ಒಮಾನಿಗೆ ಹೋಗುತ್ತೇನೆಂದು ಹೇಳಿದ್ದು ಹತ್ತು ಗಂಟೆಯ ತಿಂಡಿಗೆ ಕೂತಾಗ. ನಾನು ಅವನ ತಟ್ಟೆಗೆ ಐದನೆಯ ನೀರುದೋಸೆ ಹಾಕುತ್ತಿದ್ದೆ. ಗೊತ್ತಿದ್ದರೆ ನಾಲ್ಕಕ್ಕೇ ನಿಲ್ಲಿಸುತ್ತಿದ್ದೆ.

"ಅಲ್ಲಿ ಎಂತ ಕೆಲಸ?" ಎಂದೆ.

"ಮರ ಹತ್ತುದು ಅಕ್ಕ."

"ಇಲ್ಲಿ ಮತ್ತೆ ಎಂತ ಮಾಡ್ತಾ ಇರುದು ನೀನು?"

"ಅದು ಖರ್ಜೂರದ ಮರ" ಎಂದು ಅವನು ಚಟ್ನಿ ಕೇಳಿದ.

ರಾಮಕುಂಜದಿಂದ ಆಲಂಕಾರಿನವರೆಗೆ ಮರ ಹತ್ತುವವರು ಎಷ್ಟು ಮಂದಿ ಉಳಿದಿದ್ದಾರೆಂದು ಎಣಿಸಲು ಒಂದು ಕೈಯ ಬೆರಳು ಸಾಕು. ಮಳೆ ಹಿಡಿಯುವ ಮೊದಲು ಗೊನೆಗೆ ಮದ್ದು ಬಿಡದಿದ್ದರೆ ಕೊಳೆರೋಗ ಬಂದು ಕಾಯಿಯೆಲ್ಲ ಬುಡಕ್ಕೆ ಉದುರುತ್ತದೆ. ಹಾಗಾಗಿ ನಮ್ಮಲ್ಲಿ ಕೆಲಸ ಕೊಡುವವರು ಕೆಲಸಗಾರನ ಮನೆಗೆ ಹೋಗಿ ಅಂಗಳದಲ್ಲಿ ನಿಂತುಕೊಳ್ಳುವುದು ರೂಢಿ. ರೂಪೇಶನಿಗೆ ದಿನಕ್ಕೆ ಸಾವಿರದ ಎಂಟುನೂರು, ಅದರ ಮೇಲೆ ತಿಂಡಿ, ಊಟ, ಎರಡು ಚಹಾ. ಬಸಳೆ ಅವನಿಗೆ ಸೇರುವುದಿಲ್ಲ. ಸೌತೆಕಾಯಿ ಹುಳಿ ಮಾಡಿದರೆ ನಿನ್ನೆಯೂ ಇದೇ ಇತ್ತಲ್ಲ ಎಂದು ನೆನಪಿಸುತ್ತಾನೆ. ಭೂತಕೋಲ, ಕ್ರಿಕೆಟ್ ಮ್ಯಾಚು, ನೆಂಟರ ಗೃಹಪ್ರವೇಶ, ಗೆಳೆಯ ಹೊಸ ಬೈಕು ತರುವ ದಿನ, ಎಲ್ಲಕ್ಕೂ ರಜೆ. ಕೇಳಿ ರಜೆ ತೆಗೆದುಕೊಳ್ಳುವ ಕ್ರಮವಿಲ್ಲ, ಬಾರದಿದ್ದರೆ ರಜೆ ಎಂದು ನಾವು ತಿಳಿದುಕೊಳ್ಳಬೇಕು. ಇಂಥ ಕೆಲಸ ಬಿಟ್ಟು ಹೋಗುವವನ ಮೇಲೆ ನನಗೆ ಸಿಟ್ಟು ಬಂದದ್ದರಲ್ಲಿ ತಪ್ಪೇನೂ ಇಲ್ಲ.

ಅವನು ಹೊರಟದ್ದು ಮದುವೆಗಾಗಿ. ಸುಳ್ಯದ ಕಡೆಯ ಕುಕ್ಕಪ್ಪ ಗೌಡರ ಮಗಳು ಭವಿತಾ ಕಡಬದಲ್ಲಿ ಲ್ಯಾಬ್ ಟೆಕ್ನೀಶಿಯನ್. ಅವಳಿಗೆ ರೂಪೇಶ ಒಪ್ಪಿಗೆ, ಅವನಿಗೆ ಅವಳು ಒಪ್ಪಿಗೆ. ಮರ ಹತ್ತುವವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಕುಕ್ಕಪ್ಪ ಗೌಡರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅವರ ತೋಟದ ಅಡಿಕೆ ಕೊಯ್ಯುವುದೂ ರೂಪೇಶನೇ. ಅಲ್ಲಿ ಕಾಫಿ ತಂದುಕೊಡುತ್ತಿದ್ದವಳು ಭವಿತಾ, ವಿಷಯ ಶುರುವಾದದ್ದು ಅಲ್ಲಿಯೇ. ಫಾರಿನ್ನಿನಲ್ಲಿ ಕೆಲಸ ಇದ್ದರೆ ನೋಡುವ ಎಂದು ಅವರು ಒಂದು ಮಾತು ಬಿಟ್ಟಿದ್ದರು. ರೂಪೇಶ ಅದನ್ನೇ ಹಿಡಿದುಕೊಂಡ.

ಕೆಲಸ ಹುಡುಕಿಕೊಟ್ಟವನು ಆಲಂಕಾರಿನ ಅಡಿಕೆ ವ್ಯಾಪಾರಿ ಕುಂಞಿ ಮೋನು. ಅವನ ತಮ್ಮ ಒಮಾನಿನ ಒಂದು ಖರ್ಜೂರದ ತೋಟದಲ್ಲಿ ಮೇಸ್ತ್ರಿ. ನಮ್ಮ ಮನೆಗೆ ಅಡಿಕೆ ನೋಡಲು ಬಂದಾಗ ನನ್ನ ಎದುರೇ ಕುಂಞಿ ಮೋನು ಲೆಕ್ಕ ಹೇಳಿದ.

"ತಿಂಗಳಿಗೆ ತೊಂಬತ್ತು ರಿಯಾಲ್. ನಮ್ಮ ಹಣದಲ್ಲಿ ಇಪ್ಪತ್ತು ಸಾವಿರದ ಹತ್ತಿರ ಬೀಳ್ತದೆ. ಅಷ್ಟು ನೀನು ಇಲ್ಲಿ ಹನ್ನೆರಡು ದಿನದಲ್ಲಿ ಮಾಡ್ತಿ ಮಾರಾಯ. ಹೋಗುದು ಬೇಡ."

ಕಳುಹಿಸುವವನೇ ಬೇಡ ಎಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಹಣಕ್ಕೆ ಹೋಗುದಲ್ಲ" ಎಂದ ರೂಪೇಶ. "ಇಲ್ಲಿ ಎಷ್ಟು ದುಡಿದರೂ ಹೆಣ್ಣು ಕೊಡುದಿಲ್ಲ. ಅಲ್ಲಿ ಕಮ್ಮಿ ದುಡಿದರೆ ಕೊಡ್ತಾರೆ."

ಎರಡು ವರ್ಷದ ಕರಾರು ಮಾಡಿ ಹೋದ. ಒಂದು ತಿಂಗಳಾದ ಮೇಲೆ ವಿಡಿಯೋ ಕಾಲ್ ಮಾಡಿದ. ಒಂದು ಕೋಣೆಯಲ್ಲಿ ಎಂಟು ಮಂಚ. ಬೆಳಗ್ಗೆ ಐದಕ್ಕೆ ಕೆಲಸ ಶುರು, ಬಿಸಿಲು ಏರಿದ ಮೇಲೆ ಬಿಡುವು, ಸಂಜೆ ಪುನಃ. ಶುಕ್ರವಾರ ರಜೆ, ಅದು ಬಿಟ್ಟು ಕೋಲಕ್ಕೂ ಇಲ್ಲ ಗೃಹಪ್ರವೇಶಕ್ಕೂ ಇಲ್ಲ. ತಿಂಡಿ ಕೊಡುವವರಿಲ್ಲ, ಅಡಿಗೆ ಸರದಿಯಲ್ಲಿ ಇವರೇ ಮಾಡಿಕೊಳ್ಳಬೇಕು, ದಿನಾ ಬೇಳೆ.

"ಈಗ ಬಸಳೆ ಸಿಕ್ಕಿದರೂ ತಿನ್ತೇನೆ ಅಕ್ಕ" ಎಂದ. ಅದನ್ನು ಇನ್ನೊಮ್ಮೆ ಹೇಳಿಸಿದೆ.

ಅಲ್ಲಿ ಹೋದ ಮೊದಲ ದಿನವೇ ಅವನು ಒಂದು ಎಡವಟ್ಟು ಮಾಡಿದ್ದ. ನಮ್ಮ ಕಡೆ ಮರ ಹತ್ತುವವರು ಒಂದು ಮರದ ಕೆಲಸ ಮುಗಿದ ಮೇಲೆ ಇಳಿಯುವುದಿಲ್ಲ. ತುದಿಯಲ್ಲಿ ಕೂತು ಮೈಭಾರ ಹಾಕಿ ಮರವನ್ನು ತೂಗಿ ಬಾಗಿಸಿ, ಪಕ್ಕದ ಮರವನ್ನು ಕೈಯಿಂದ ಹಿಡಿದು ಅದಕ್ಕೆ ದಾಟುತ್ತಾರೆ. ಒಮ್ಮೆ ಹತ್ತಿದವನು ಇಪ್ಪತ್ತು ಮರ ಮುಗಿಸಿ ತೋಟದ ಇನ್ನೊಂದು ತಲೆಯಲ್ಲಿ ನೆಲಕ್ಕೆ ಕಾಲಿಡುತ್ತಾನೆ. ರೂಪೇಶ ಖರ್ಜೂರದ ಮರದ ತುದಿಯಲ್ಲೂ ಅಭ್ಯಾಸಬಲದಿಂದ ತೂಗಲು ನೋಡಿದ. ಅದು ಕಂಬದ ಹಾಗೆ ನಿಂತೇ ಇತ್ತು. ಇವನು ಇನ್ನೂ ಜೋರಾಗಿ ತೂಗಿದ. ಮೇಸ್ತ್ರಿ ಕೆಳಗಿಳಿಸಿ, ತಲೆ ಸರಿ ಉಂಟಾ ಎಂದು ಕೇಳಿ, ಆ ದಿನ ಕೆಲಸ ಕೊಡಲಿಲ್ಲ. ಸೊಂಟಕ್ಕೂ ಮರಕ್ಕೂ ಸೇರಿಸಿ ಅಗಲದ ಹಗ್ಗದ ಪಟ್ಟಿ ಕಟ್ಟಿಕೊಳ್ಳಬೇಕು, ಒಂದು ಮರ ಆದರೆ ಇಳಿಯಬೇಕು, ನಡೆದು ಹೋಗಿ ಇನ್ನೊಂದು ಹತ್ತಬೇಕು. ಅದು ಅಲ್ಲಿಯ ಕ್ರಮ.

"ಸಮಯ ಹಾಳಲ್ವಾ?" ಎಂದು ನನ್ನ ಗಂಡ ಗೌರೀಶಂಕರ ಹಿಂದಿನಿಂದ ಕೇಳಿದರು. ಹೌದು ಭಟ್ರೆ, ತುಂಬಾ ಹಾಳು ಎಂದು ರೂಪೇಶನೂ ಒಪ್ಪಿದ.

ಅವನು ಕಪ್ಪು ಕನ್ನಡಕ ಹಾಕಿ ಮಾಲಿನೊಳಗೆ ನಿಂತ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದ. ಕುಕ್ಕಪ್ಪ ಗೌಡರು ನೋಡಿದರು. ಅಲ್ಲಿ ಎಂತ ಕೆಲಸ ಎಂದು ಅವರು ಕೇಳಲಿಲ್ಲ, ಕೃಷಿ ಕಂಪೆನಿ ಎಂದದ್ದು ಸಾಕಾಯಿತು. ಮದುವೆ ಫೋನಿನಲ್ಲಿಯೇ ನಿಶ್ಚಯವಾಯಿತು. ಎರಡು ಮಳೆಗಾಲ ಅವರ ತೋಟಕ್ಕೂ ನಮ್ಮ ತೋಟಕ್ಕೂ ಮದ್ದು ಬಿಡಲು ಜನ ಸಿಗಲಿಲ್ಲ, ಅರ್ಧ ಅಡಿಕೆ ಕೊಳೆತುಹೋಯಿತು. ಅವರು ಮಾತ್ರ ಸಿಕ್ಕಿದವರಿಗೆಲ್ಲ ಅಳಿಯ ಒಮಾನಿನಲ್ಲಿದ್ದಾನೆ ಎಂದು ಹೇಳುತ್ತಿದ್ದರು.

ಕರಾರು ಮುಗಿಯಲು ತಿಂಗಳಿರುವಾಗ ಒಂದು ಭಾನುವಾರ ಭವಿತಾ ನಮ್ಮ ಮನೆಗೆ ಬಂದಳು. ಕಂಪೆನಿ ಇನ್ನೆರಡು ವರ್ಷ ಇರಲು ಹೇಳುತ್ತಿದೆ, ಅಪ್ಪನೂ ಅದನ್ನೇ ಹೇಳುತ್ತಾರೆ, ರೂಪೇಶ ಮಾತ್ರ 'ನೀನು ಹೇಳಿದ ಹಾಗೆ' ಎನ್ನುತ್ತಾನೆ. ಹಾಗಾಗಿ ಅವನು ಇಲ್ಲಿ ಹೇಗೆ ಕೆಲಸ ಮಾಡುತ್ತಿದ್ದನೆಂದು ಸರಿಯಾಗಿ ತಿಳಿಯಬೇಕು ಎಂದಳು.

ಮದ್ದಿನ ಕಾಲ ಹತ್ತಿರ ಬಂದಿತ್ತು. ನಾನು ಅವಕಾಶ ಬಿಡಲಿಲ್ಲ. ಸಂಬಳ, ರಜೆ, ನೀರುದೋಸೆ, ಹಬ್ಬಕ್ಕೆ ಕೊಡುವ ಬಟ್ಟೆ ಎಲ್ಲ ಹೇಳಿದೆ. ಅವಳು ಪಾಯಸವನ್ನು ಚಮಚದಲ್ಲಿ ತಿನ್ನುತ್ತ ಅಂಗಳ ನೋಡುತ್ತಿದ್ದಳು. ಅಲ್ಲಿ ಜತ್ತಪ್ಪ ಕೂತು ಅಡಿಕೆ ಸುಲಿಯುತ್ತಿದ್ದ. ಅವನ ಬಲಗಾಲು ಮಡಚುವುದಿಲ್ಲ.

"ಅವರಿಗೆ ಎಂತ ಆದದ್ದು?"

"ಬಿದ್ದದ್ದು. ಆಲಂಕಾರಿನ ಅಚ್ಚುತನ ತೋಟದಲ್ಲಿ. ಮರದಿಂದ ಮರಕ್ಕೆ ದಾಟುವಾಗ."

"ಆಮೇಲೆ?"

"ಅಚ್ಚುತ ಅವನ ಜೀಪಿನಲ್ಲೇ ಪುತ್ತೂರಿಗೆ ಕರ್ಕೊಂಡು ಹೋದ. ಆಸ್ಪತ್ರೆಯ ಬಿಲ್ಲೂ ಅವನೇ ಕಟ್ಟಿದ್ದು. ಒಳ್ಳೆ ಜನ."

"ಆಮೇಲೆ?"

ಜತ್ತಪ್ಪ ರೂಪೇಶನಿಗಿಂತ ಚೆನ್ನಾಗಿ ಮರ ಹತ್ತುತ್ತಿದ್ದ. ಈಗ ಕಿಲೋ ಲೆಕ್ಕದಲ್ಲಿ ಅಡಿಕೆ ಸುಲಿಯುತ್ತಾನೆ. ಇನ್ನೊಂದು ಸೌಟು ಪಾಯಸ ಹಾಕಲೇ ಎಂದು ಕೇಳಿದೆ. ಸಾಕು ಎಂದಳು.

"ಅವರು ಇಲ್ಲಿಗೇ ಬರಲಿ" ಎಂದಳು ಭವಿತಾ. "ಅಪ್ಪನಿಗೆ ನಾನು ಹೇಳ್ತೇನೆ. ಆದರೆ ಅಲ್ಲಿಯ ಹಾಗೆ ಹತ್ತುದು. ಪಟ್ಟಿ ಕಟ್ಟಿ, ಪ್ರತಿ ಮರಕ್ಕೂ ಇಳಿದು. ಅದಕ್ಕೆ ಒಪ್ಪುವ ಮನೆಗೆ ಮಾತ್ರ ಕೆಲಸಕ್ಕೆ ಬರುದು. ಯಾರೂ ಒಪ್ಪದಿದ್ದರೆ ಅಲ್ಲಿಯೇ ಇರಲಿ, ನಾನು ಕಾಯ್ತೇನೆ."

ನನ್ನ ಗಂಡ ಗಂಟಲು ಸರಿಮಾಡಿಕೊಂಡರು. "ಹಾಗಾದರೆ ನಾಲ್ಕು ದಿನದ ಕೆಲಸಕ್ಕೆ ಎಂಟು ದಿನ ಬೇಕಲ್ಲ."

"ಹೌದು."

"ಹೆಚ್ಚಿನ ನಾಲ್ಕು ದಿನದ ಸಂಬಳ ಯಾರು ಕೊಡುದು?"

"ನೀವು" ಎಂದಳು.

ಅವರು ನನ್ನ ಮುಖ ನೋಡಿದರು. ಹುಡುಗಿಯ ಮೇಲೆ ನನಗೆ ಒಳಗೊಳಗೇ ಉರಿಯುತ್ತಿತ್ತು. ಎಂಟು ದಿನ ಅಂದರೆ ಎಂಟು ದಿನದ ದೋಸೆಹಿಟ್ಟು, ಅದನ್ನು ರುಬ್ಬುವವಳು ನಾನು. ಆದರೆ ಜತ್ತಪ್ಪನ ಕಾಲು ಎದುರಿಗೇ ಚಾಚಿಕೊಂಡಿತ್ತು. ಆಗಲಿ ಎಂದದ್ದು ನಾನೇ.

ಕುಕ್ಕಪ್ಪ ಗೌಡರು ಒಂದು ವಾರ ಮಗಳ ಹತ್ತಿರ ಮಾತು ಬಿಟ್ಟರಂತೆ. ಕೊನೆಗೆ ಮೂರನೆಯ ವರ್ಷವೂ ಅಡಿಕೆ ಕೊಳೆಯುವುದನ್ನು ನೆನೆದು ಅವರೇ ಮಾತು ಶುರು ಮಾಡಿದರು. ಮದುವೆಯ ಕಾಗದದಲ್ಲಿ ರೂಪೇಶನ ಹೆಸರಿನ ಕೆಳಗೆ ಮಾತ್ರ ಒಮಾನ್ ಎಂದು ಹಾಕಿಸಿಯೇ ಬಿಟ್ಟರು. ಮದುವೆಯಾದ ಮರುವಾರ ಅಳಿಯ ಮಾವನ ತೋಟದಲ್ಲೇ ಮೊದಲು ಮರ ಹತ್ತಿದ.

ಮೇ ಕೊನೆಗೆ ನಮ್ಮಲ್ಲಿಗೆ ಬಂದ. ಸೊಂಟಕ್ಕೆ ಒಮಾನಿನಿಂದ ತಂದ ಪಟ್ಟಿ. ಹತ್ತಿದ, ಮದ್ದು ಬಿಟ್ಟ, ಇಳಿದ. ನಾಲ್ಕು ಹೆಜ್ಜೆ ನಡೆದು ಪುನಃ ಹತ್ತಿದ. ನೋಡುವವರಿಗೆ ಕುತ್ತಿಗೆ ನೋವು, ಬೇಸರ. ಅಂಗಳದ ಕೆಲಸ ಬಿಟ್ಟು ಜತ್ತಪ್ಪನೂ ಕೋಲೂರಿಕೊಂಡು ತೋಟದ ತಲೆಗೆ ಬಂದು ಕೂತಿದ್ದ. ನನ್ನ ಗಂಡ ಆಕಾಶ ನೋಡಿ ಮೋಡ ಲೆಕ್ಕ ಹಾಕುತ್ತಿದ್ದರು.

ಕೆರೆಯ ಹತ್ತಿರ ಎರಡು ಮರ ತೀರಾ ಒತ್ತಾಗಿವೆ. ಅಲ್ಲಿ ತುದಿಯಲ್ಲಿದ್ದ ರೂಪೇಶನ ಎಡಗೈ ತಾನಾಗಿಯೇ ಪಕ್ಕದ ಮರದ ಕಡೆ ಚಾಚಿತು. ಮರವೂ ಸ್ವಲ್ಪ ಬಾಗಿತು. ಪಟ್ಟಿ ಬಿಚ್ಚಿದರೆ ದಾಟುವುದು ಅರ್ಧ ನಿಮಿಷದ ಕೆಲಸ. ಬೇಗ ಮುಗಿಯಲಿ ಎಂದು ಬೆಳಗ್ಗಿನಿಂದ ಗೊಣಗುತ್ತಿದ್ದ ನನಗೆ ಆಗ ಬೇಡ ಎಂದು ಕೂಗಬೇಕೆನಿಸಿತು. ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಮರವನ್ನು ನೆಟ್ಟಗಾಗಲು ಬಿಟ್ಟು, ಇಳಿಯತೊಡಗಿದ.

ಅವನ ಕಾಲು ನೆಲಕ್ಕೆ ಮುಟ್ಟುವವರೆಗೆ ಜತ್ತಪ್ಪ ಕಣ್ಣು ತೆಗೆಯಲಿಲ್ಲ.

"ಇಳಿದು ಹತ್ತಬಹುದಿತ್ತು" ಎಂದ ಅವನು, ಯಾರಿಗೂ ಅಲ್ಲದ ಹಾಗೆ. "ನನಗೆ ಯಾರೂ ಹೇಳ್ಲಿಲ್ಲ."

ನನ್ನ ಗಂಡ ಮೋಡ ನೋಡುವುದನ್ನು ಬಿಟ್ಟರು. ಹತ್ತು ಗಂಟೆಯಾಗಿತ್ತು. ನಾನು ಒಳಗೆ ಹೋಗಿ ಕಾವಲಿ ಒಲೆಯ ಮೇಲಿಟ್ಟು, ರೂಪೇಶನಿಗೂ ಜತ್ತಪ್ಪನಿಗೂ ಆಗುವಷ್ಟು ದೋಸೆ ಹೊಯ್ದೆ.