ಮೂರು ಸಾಲು

ಭಾನುವಾರದ ಪುರವಣಿಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಅವಳು ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ನೋಡಿದಳು. ಆಮೇಲೆ ಕೆಳಗಿನಿಂದ ಮೇಲಕ್ಕೆ. ‘ಈ ವರ್ಷ ಓದಲೇಬೇಕಾದ ಹತ್ತು ಕಥಾಸಂಕಲನಗಳು.’ ಹತ್ತರಲ್ಲಿ ಅವಳದಿರಲಿಲ್ಲ.

ಪಟ್ಟಿ ಗಂಡನದು. ಹನ್ನೊಂದು ವರ್ಷದಿಂದ ಅವನ ಫೋಟೋದ ಜೊತೆಗೇ ಬರುತ್ತಿತ್ತು. ಪುಸ್ತಕ ಓದುವವಳು ಮಾತ್ರ ಅವಳು. ಕುಕ್ಕರ್ ಕೂಗುವುದರೊಳಗೆ ಒಂದು ಕಥೆ, ಬಸ್ಸಿನಲ್ಲಿ ಇನ್ನೊಂದು ಓದಿ, ಒಂದೊಂದು ಸಂಕಲನಕ್ಕೂ ಮೂರು ಸಾಲು ಬರೆದುಕೊಡುತ್ತಿದ್ದಳು. ಅವನು ಮುನ್ನುಡಿ ತಿರುವಿಹಾಕಿ, ಕೆಳಗೆ ತನ್ನ ಹೆಸರು ಸೇರಿಸಿ ಕಳಿಸುತ್ತಿದ್ದ. "ಬೇಯಿಸೋಳು ಇವಳು, ಬಡಿಸಿ ಹೊಗಳಿಸ್ಕೊಳ್ಳೋನು ಅವನು" ಎಂದು ಅತ್ತೆ ನಗುತ್ತಿದ್ದರು. ಆಗೆಲ್ಲ ಅವಳೂ ನಗುತ್ತಿದ್ದಳು.

ಈ ವರ್ಷ ಅವಳದೇ ಮೊದಲ ಸಂಕಲನ ಬಂದಿತ್ತು. "ಯಜಮಾನರ ಪಟ್ಟಿಗೆ ಬಂದ್ರೆ ನಾಲ್ಕು ಜನ ಓದ್ತಾರಮ್ಮ. ಇಲ್ದಿದ್ರೆ ಗೋಡೌನಲ್ಲಿ ಜಿರಳೆ ಓದುತ್ತೆ" ಎಂದಿದ್ದರು ಪ್ರಕಾಶಕರು. ಗಂಡನೂ ಒಪ್ಪಿದ್ದ. "ನಿನ್ನದಕ್ಕೂ ನೀನೇ ಬರೆದ್ಬಿಡೇ. ಬೇರೆಯವರದಕ್ಕೆ ಬರೆದ ಹಾಗೇ ಬರಿ, ನಾಚ್ಕೋಬೇಡ." ನಾಲ್ಕು ದಿನ ಹೊಡೆದು ತಿದ್ದಿ ಬರೆದಿದ್ದಳು.

ಬೆರಳು ಪಟ್ಟಿಯ ಮೊದಲ ಪುಸ್ತಕದ ಬಳಿ ನಿಂತಿತು. ಅದು ಪತ್ರಿಕೆಯ ಸಂಪಾದಕರ ನಾದಿನಿಯ ಸಂಕಲನ. ಅದಕ್ಕೆ ‘ಇನ್ನೂ ಹದಕ್ಕೆ ಬಂದಿಲ್ಲ’ ಎಂದಷ್ಟೇ ಬರೆದುಕೊಟ್ಟಿದ್ದಳು. ಅಚ್ಚಾಗಿದ್ದುದೇ ಬೇರೆ:

‘ಇಲ್ಲಿನ ಹೆಂಗಸರು ಅಳುವುದಿಲ್ಲ, ಪಾತ್ರೆ ತೊಳೆಯುತ್ತಾರೆ. ನೀರಿನ ಸದ್ದು ನಿಂತಾಗ ನಮಗೆ ಭಯವಾಗುತ್ತದೆ. ಆ ಭಯವೇ ಈ ಕಥೆಗಳು.’

"ರೀ, ಇದು ನನ್ನ ಪುಸ್ತಕಕ್ಕೆ ನಾನು ಬರೆದಿದ್ದು."

ಅವನು ಗಲ್ಲದ ಸೋಪು ಒರೆಸಿಕೊಳ್ಳುತ್ತ ಬಂದ. "ಹೂಂ ಕಣೇ. ಕಟ್ಟಿಕೊಂಡವಳ ಪುಸ್ತಕ ಹಾಕಿದ್ರೆ ಜನ ಆಡ್ಕೊಳ್ಳಲ್ವಾ? ಅಂಥಾ ಸಾಲು ಸುಮ್ನೆ ದಂಡ ಆಗೋದು ಬೇಡ ಅಂತ…"

"ಸಾಲು ಉಳೀತು ಬಿಡಿ."

"ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷಕ್ಕೆ ಅದು ಹಳೇ ಪುಸ್ತಕ ರೀ."

ಮೇಜಿನ ಮೇಲಿದ್ದ ಅವನ ಫೋನು ಹೊಡೆದುಕೊಂಡಿತು. ಅವನ ಕೈ ಒದ್ದೆ, ಅವಳೇ ಎತ್ತಿದಳು. ಸಂಪಾದಕರ ನಾದಿನಿ.

"ಅಕ್ಕಾ, ನೀವಾ! ಸಾರ್‌ಗೆ ನೀವೇ ಹೇಳ್ಬಿಡಿ. ಆ ಮೂರು ಸಾಲು ಓದಿ ಗಳಗಳ ಅತ್ತುಬಿಟ್ಟೆ. ನನ್ನ ಕಥೆಗಳಲ್ಲಿ ಅಷ್ಟೆಲ್ಲ ಇದೆ ಅಂತ ನನಗೇ ಗೊತ್ತಿರಲಿಲ್ಲ!"

ಗಂಡ ಎದುರಿಗೆ ನಿಂತು ಬೇಡ, ಬೇಡ ಎಂದು ಕೈಯಾಡಿಸಿದ. ಸೋಪಿನ ಹನಿ ಪತ್ರಿಕೆಯ ಮೇಲೆ ಬಿತ್ತು.

"ಹೇಳ್ತೀನಮ್ಮ."

"ನೀವೂ ಏನೋ ಬರೀತೀರಂತೆ ಅಲ್ವಾ ಅಕ್ಕಾ?"

"ಇಲ್ಲಮ್ಮ," ಎಂದಳು. "ಓದ್ತೀನಿ, ಅಷ್ಟೇ."

ಅವನ ಬಿಗಿದ ಭುಜಗಳು ಸಡಿಲಾದವು. ಕೈ ಒರೆಸಿಕೊಂಡು ಕತ್ತರಿ ತಂದ. ಪ್ರತಿ ವರ್ಷದಂತೆ ಪಟ್ಟಿಯನ್ನು ಅಂಚು ಹರಿಯದಂತೆ ಕತ್ತರಿಸಿ, ಫೈಲಿಗೆ ಅಂಟಿಸಲು ಒಳಗೆ ಒಯ್ದ. "ಗೋಂದು ಎಲ್ಲಿಟ್ಟಿದ್ದೀಯೇ?" ಎಂದು ಒಳಗಿನಿಂದಲೇ ಕೇಳಿದ.

ಅವಳು ಹೇಳಿದಳು. ಮೇಜಿನ ಮೇಲೆ ಉಳಿದ ಪುರವಣಿಯ ನಡುವೆ ಚೌಕದ ತೂತು, ಅದರೊಳಗಿಂದ ಬರೀ ಮೇಜಿನ ಮರ ಕಾಣುತ್ತಿತ್ತು.