ಮಾದರಿ ಕುಟುಂಬ

ನಡುರಾತ್ರಿ ‘ಟಿಣ್’ ಅಂದಿತು. ಗೋಡೆಯ ಗೂಡಿನಲ್ಲಿಟ್ಟಿದ್ದ ಮೊಬೈಲು. ಆ ತಗಡಿನ ಮನೆಗೆ ಸಿಗ್ನಲ್ಲು ಬರುವುದೇ ಊರೆಲ್ಲ ಮಲಗಿದ ಮೇಲೆ. ಆದಮ್ಮ ಎದ್ದು ಕೂತಳು. ಮೆಸೇಜೆಂದರೆ ಅವಳಿಗೆ ಪುಕಪುಕ. ಹೋದ ವರ್ಷ ಹೀಗೇ ಒಂದು ಬಂದು ಅವಳ ರೇಷನ್ ಕಾರ್ಡನ್ನೇ ನುಂಗಿತ್ತು. ‘ಸದರಿ ಕುಟುಂಬ ಊರಲ್ಲಿ ವಾಸವಿಲ್ಲ’ ಎಂದು ಬರೆದಿತ್ತಂತೆ. ಊರು ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗಿದವಳಲ್ಲ ಅವಳು. ಅಂದಿನಿಂದ ತಾನು, ಸೊಸೆ, ಇಬ್ಬರು ಮೊಮ್ಮಕ್ಕಳು, ನಾಲ್ಕು ಹೊಟ್ಟೆಗೆ ಕಂಡವರ ಬಾಗಿಲಲ್ಲಿ ನುಚ್ಚಕ್ಕಿ ಕೇಳುವುದೇ ಆಗಿತ್ತು. ಹಗಲೆಲ್ಲ ನೆಡುವುದು ಮಾತ್ರ ಭತ್ತ.

ಬೆಳಿಗ್ಗೆ ಪಕ್ಕದ ಮನೆಯ ಸರ್ದಾರಬಿಯ ಮಗಳು ಶಾಹೀಸ್ತಾ, ಸಿಂಧನೂರಲ್ಲಿ ಬಿ.ಎ. ಓದುವವಳು, ಮೆಸೇಜು ನೋಡಿದಳು.

“ಚಿಗವ್ವ, ಹೆದರಬ್ಯಾಡ. ಹಳೇ ಪಟ್ಟಿ ನೋಡಿ ನಿಮ್ಮನೀನ ಮಾದರಿ ಕುಟುಂಬ ಅಂತ ಆರಿಸ್ಯಾರ. ಸರ್ಕಾರದ ಸವಲತ್ತು ಯಾರಿಗೆ ಮುಟ್ಯಾವ, ಯಾರಿಗಿಲ್ಲ ಅಂತ ಕೇಳಾಕ ಯುನಿವರ್ಸಿಟಿಯವ್ರು ಇವತ್ತ ಬರ್ತಾರ.”

“ಮಾದರಿ ಅಂತ! ಈ ತೂತು ತಗಡು ನೋಡ್ಯಾರಿಲ್ಲೋ?” ಸರ್ದಾರಬಿ ಬಿದ್ದು ಬಿದ್ದು ನಕ್ಕಳು.

“ಆ ಮಾದರಿ ಅಲ್ಲಮ್ಮಿ. ಗಂಜ್ ಮಾರ್ಕೆಟ್ಟಿನಾಗ ಭತ್ತದ ಚೀಲಕ್ಕ ಕೊಳವಿ ಚುಚ್ಚಿ ಒಂದು ಹಿಡಿ ತಗದು ನೋಡ್ತಾರಲ್ಲ, ಹಂಗ. ಚಿಗವ್ವ, ಕಾರ್ಡ್ ಹೋಗಿದ್ದು ಬಾಯಿ ಬಿಟ್ಟು ಹೇಳು. ಬರ್ಕೊಂತಾರ.”

ಬರ್ಕೊಂತಾರ. ಆ ಒಂದು ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡವಳಂತೆ ಆದಮ್ಮ ನಾಟಿಗೆ ಹೋದಳು.

“ಏ ಮುಂಡೇ! ನೀ ಮಾದರಿ ಆಗಿಯಂತಲ್ಲಬೇ?”

ಬದುವಿನ ಮೇಲೆ ಹನುಮಂತರಾಯ ನಿಂತಿದ್ದ. ಕಾಲುವೆ ನೀರಿನ ನಲವತ್ತು ಎಕರೆಗೆ ಧಣಿ, ಮೇಲೆ ಪಂಚಾಯ್ತಿ ಮೆಂಬರು. ಗಂಡ ಸತ್ತ ದಿನದಿಂದ ಆದಮ್ಮನನ್ನು ಅವನು ಹೆಸರು ಹಿಡಿದು ಕರೆದದ್ದೇ ಇಲ್ಲ.

“ಕುಂಡಿ ತೊಳಿಯಾಕ ತಂಬಿಗಿ ಗತಿ ಇಲ್ಲ, ಮಾದರಿ ಕುಟುಂಬ! ನಾ ಇರೋ ಊರಾಗ ಕೇರಿಯಾಕಿ ಮಾದರಿ ಆದ್ರ ನಾ ಮೀಸಿ ಬೋಳಿಸ್ಕೊಬೇಕೇನು?”

ಸಾಲಿನ ಹೆಂಗಸರು ನಕ್ಕರು. ಧಣಿ ನಗಿಸಿದಾಗ ನಗದಿದ್ದರೆ ನಾಳೆ ಕೂಲಿಗೆ ಕರೆ ಇಲ್ಲ. ಆದಮ್ಮ ಚೀಲದ ಮಾತು, ಕೊಳವೆಯ ಮಾತು ಹೇಳಲು ಬಾಯಿ ತೆರೆದಳು. ಹಾಗೇ ಮುಚ್ಚಿದಳು. ಕೈಯಲ್ಲಿದ್ದ ಸಸಿಯನ್ನು ಕೆಸರಿಗೆ ಒತ್ತಿ, ಬೇರೆಯದೇ ಹೇಳಿದಳು.

“ಖರೇ ಐತ್ರೀ ಧಣೇರ. ಸರ್ಕಾರದ ಯೋಜನಿ ಯಾರ ಮನ್ಯಾಗ ಹೆಚ್ಚದಾವೋ ಅವ್ರು ಮಾದರಿ ಅಂತ್ರೀ. ನಮ್ಮನ್ಯಾಗ ಒಂದಾರ ಐತೇನು?”

“ಹೆಚ್ಚಿದ್ರ ಏನ್ಮಾಡ್ತಾರ?”

“ಫೋಟೋ ಹೊಡದು ಬೆಂಗಳೂರಿಗೆ ಕಳಸ್ತಾರಂತ್ರೀ.”

ಹನುಮಂತರಾಯ ಮೀಸೆ ನೀವಿಕೊಂಡ. “ನಡಿ ನಮ್ಮನಿಗೆ, ಅಂಗಳ ಸಾರ್ಸು. ಆ ಯುನಿವರ್ಸಿಟಿಯವ್ರು ಬಂದ್ರ ನೀ ಊರಾಗಿಲ್ಲ. ತಿಳೀತಿಲ್ಲೋ?”

“ಹೊಸಾದೇನಲ್ಬಿಡ್ರೀ,” ಅಂದಳು ಆದಮ್ಮ.

ಬಳಗಾನೂರಿನ ಬಸ್ಸಿಳಿದು ಬಂದ ಯುನಿವರ್ಸಿಟಿಯ ರಾಜಶ್ರೀ ತೀರ ಸಣ್ಣ ಹುಡುಗಿ. ಬಿಸಿಲಿಗೆ ಕೆಂಪಾಗಿದ್ದಳು, ಎದೆಗೆ ಟ್ಯಾಬ್ ಅವುಚಿಕೊಂಡಿದ್ದಳು.

“ಆದಮ್ಮನವರ ಮನೆ ಎಲ್ಲಿ ಸರ್?” ಮನೆಯ ಕಟ್ಟೆಯ ಮೇಲೆ ಕೂತಿದ್ದ ಹನುಮಂತರಾಯನನ್ನು ಕೇಳಿದಳು.

“ಆಕಿ ಊರಾಗಿಲ್ರೀ ಮೇಡಂ. ದುಡಿಯಾಕ ಹೋಗ್ಯಾಳ.”

ಐದು ಮಾರು ದೂರದಲ್ಲಿ ಆದಮ್ಮ ಬಗ್ಗಿ ಸಗಣಿ ನೀರು ಸಾರಿಸುತ್ತಿದ್ದಳು.

“ಹಾಗಾದ್ರೆ ಬದಲಿ ಮನೆ ತಗೋಬೇಕು. ನಿಮ್ಮದು ಬರ್ಕೊಳ್ಳಲಾ? ಇದು ಇಲಾಖೆಗೂ ಹೋಗುತ್ತೆ, ಪಟ್ಟಿ ಜೊತೆ ತಾಳೆ ನೋಡ್ತಾರೆ. ಒಪ್ಪಿಗೆನಾ?”

“ಹೋಗಲಿ ಅಂತನ ಕುಂತೀವಲ್ರೀ!”

“ರೇಷನ್ ಕಾರ್ಡು?”

“ಬಿಪಿಎಲ್. ಬರ್ಕೋರಿ.”

“ಉದ್ಯೋಗ ಖಾತ್ರಿ?”

“ನಾಕು ಜಾಬ್ ಕಾರ್ಡ್ ಅದಾವ.”

ರಾಜಶ್ರೀಯ ಬೆರಳು ತಡೆಯಿತು. ಅಂಗಳದ ಕಾರನ್ನೂ ಗ್ರಾನೈಟ್ ಮೆಟ್ಟಿಲನ್ನೂ ಒಮ್ಮೆ ನೋಡಿ, “ಮತ್ತೆ?” ಅಂದಳು.

“ಕಟ್ಟಡ ಕಾರ್ಮಿಕರ ಕಾರ್ಡ್.”

“ಕಟ್ಟಡ ಕೆಲಸ ಮಾಡ್ತೀರಾ?”

“ಈ ಮನಿ ಕಟ್ಟಿಸಿದ್ದ್ಯಾರು ಮತ್ತ?”

ಚಹಾ ತಂದ ಹೆಂಡತಿ ಅಮರೇಶ್ವರಿ ಕೇಳುತ್ತ ನಿಂತಿದ್ದಳು. ಹಣೆ ತುಂಬ ಕುಂಕುಮ, ಮೊಳಕೈವರೆಗೆ ಹಸಿರು ಬಳೆ. “ಎಲ್ಲಾ ನಿಮ್ಮದ ಹೇಳ್ರಿ, ನಂದು ಬಿಡ್ರಿ! ಮೇಡಂ, ನಂಗ ವಿಧವಾ ಪಿಂಚಣಿ ಐತ್ರೀ. ಮೂರ್ ವರ್ಸಾತು.”

ಅಂಗಳದಲ್ಲಿ ಪೊರಕೆಯ ಸದ್ದು ನಿಂತಿತು.

“ಯಜಮಾನರು…?” ಅಂದಳು ರಾಜಶ್ರೀ ಮೆಲ್ಲಗೆ.

“ಇವರ ರೀ,” ಅಮರೇಶ್ವರಿ ನಾಚಿದಳು.

ಹನುಮಂತರಾಯನಿಗೆ ಚಹಾ ನೆತ್ತಿಗೇರಿತು. “ಅದು… ಏ, ಅದನ್ನ್ಯಾಕ…” ಎಂದು ಕೆಮ್ಮುವಷ್ಟರಲ್ಲಿ ಹುಡುಗಿ ಟ್ಯಾಬ್ ಎತ್ತಿ, “ಒಂದು ಫೋಟೋ, ಇಬ್ಬರೂ ನಿಲ್ಲಿ” ಅಂದಳು. ಫೋಟೋ ಅಂದದ್ದೇ ತಡ, ಧಣಿ ಕಾಲರು ಸರಿಮಾಡಿಕೊಂಡ. ಅಮರೇಶ್ವರಿ ಪಕ್ಕಕ್ಕೆ ಬಂದು ನಿಂತಳು. ಹಿಂದಿದ್ದ ಕಾರೂ ಫೋಟೋದಲ್ಲಿ ಬಂತು.

ಹೊರಟ ರಾಜಶ್ರೀ ಆದಮ್ಮನ ಹತ್ತಿರ ನಿಂತಳು. ದನಿ ಇಳಿಸಿ ಕೇಳಿದಳು.

“ಅಮ್ಮಾ, ನಿಮ್ಮ ಹೆಸರೇನು?”

ಆದಮ್ಮ ಪೊರಕೆಯನ್ನು ಸಗಣಿ ನೀರಿಗೆ ಅದ್ದಿದಳು.

“ಆದಮ್ಮ ಊರಲ್ಲೇ ಇದ್ರೆ ಇದನ್ನೆಲ್ಲ ಅಳಿಸಬೇಕು. ಅವರದ್ದನ್ನೇ ಬರ್ಕೋಬೇಕು. ಅದಕ್ಕೇ ಕೇಳ್ತಿದೀನಿ.”

ಬರ್ಕೊಂತಾರ. ಹೆಸರು ಹೇಳಿದರೆ ಸಾಕಿತ್ತು. ಕಾರ್ಡು, ಅಕ್ಕಿ, ನಾಲ್ಕು ಹೊಟ್ಟೆ, ಎಲ್ಲ ಆ ಪುಟ್ಟ ಗಾಜಿನೊಳಗೆ ಹೋಗುತ್ತಿದ್ದವು. ಆದರೆ ಈಗ ಅದರೊಳಗೆ ನಾಲ್ಕು ಜಾಬ್ ಕಾರ್ಡು ಕೂತಿದ್ದವು, ಸತ್ತು ಮೂರು ವರ್ಷವಾದ ಧಣಿ ಕಾಲರು ಸರಿಮಾಡಿಕೊಂಡು ನಿಂತಿದ್ದ. ಕೊಳವೆ ಸರಿಯಾದ ಚೀಲಕ್ಕೇ ಚುಚ್ಚಿತ್ತು. ಹೊರಬಂದ ಹುಳವನ್ನು ಮತ್ತೆ ಒಳಗೆ ಹಾಕಿ ಹೊಲಿಯಬೇಕೆ?

“ಆಕಿ ಊರಾಗಿಲ್ಲವ್ವ,” ಅಂದಳು. “ಕಳಸಿಬಿಡು ಅದನ್ನ.”

ರಾಜಶ್ರೀ ಅವಳ ಮುಖವನ್ನೇ ನೋಡಿದಳು. ಆಮೇಲೆ ಬೆರಳೊತ್ತಿದಳು. ಟಿಣ್.

“ಏ ಮುಂಡೇ, ಏನ್ ಮಾತಾಡಾಕತ್ತಿ ಅಲ್ಲಿ?” ಕಟ್ಟೆಯಿಂದ ಕೂಗು ಬಂತು. ಆದಮ್ಮ ತಿರುಗಲಿಲ್ಲ. ಅಡುಗೆಮನೆಯ ಕಡೆ ನೋಡಿದಳು, ಒಳಗೆ ಹೋಗಿದ್ದ ಪಿಂಚಣಿಯಾಕೆಯನ್ನು ಕರೆದರೇನೋ ಎಂಬಂತೆ.

ಸಂಜೆ ಸರ್ದಾರಬಿ ಕೇಳೇ ಕೇಳುತ್ತಾಳೆ, ಬರ್ಕೊಂಡ್ರೇನಂತ. ಅವಳಿಗೆ ಹೇಳಿದರೆ ನಾಟಿಯ ಸಾಲೆಲ್ಲ ನಗುತ್ತದೆ. ಆ ನಗು ಬದು ಹತ್ತಿದರೆ ಧಣಿ ಸಿಂಧನೂರಿನ ತಾಲ್ಲೂಕು ಕಚೇರಿಗೆ ಓಡುತ್ತಾನೆ, ಬರೆದದ್ದನ್ನು ಅಳಿಸಿಸಿ ಬರುತ್ತಾನೆ. ಬೇಡ. ಸರ್ದಾರಬಿಗೂ ಬೇಡ, ಸೊಸೆಗೂ ಬೇಡ, ಯಾರಿಗೂ ಬೇಡ. ಅಷ್ಟಕ್ಕೂ ಹೇಳಲು ಆದಮ್ಮ ಊರಲ್ಲೆಲ್ಲಿದ್ದಳು?

ಅವಳು ಬಗ್ಗಿ, ಸತ್ತವನ ಅಂಗಳದಲ್ಲಿ ಉಳಿದದ್ದನ್ನು ಸಾರಿಸಿದಳು.