ಕೌದಿಯಲ್ಲಿ ಬೆಕ್ಕಿನ ಪಾಲು

ರಾತ್ರಿ ಊರ ಮೇಲೆ ಇಳಿದಿದ್ದ ಮಂಜು ಬೆಳಗಾದರೂ ಎದ್ದು ಹೋಗುವ ಮನಸ್ಸು ಮಾಡಿರಲಿಲ್ಲ. ಎದುರುಮನೆಯೂ ಕಾಣದಂಥ ಆ ಮಸುಕಿನಲ್ಲಿ ಅವಳು ನೆಲಕ್ಕೆ ಕೆನ್ನೆ ತಾಗಿಸಿ, ಮಂಚದಿಂದ ಅರ್ಧ ಜಾರಿ ಅದರಡಿಗೆ ಸೇರಿದ್ದ ಕೌದಿಯನ್ನು ಮೆಲ್ಲಗೆ ಎಳೆದಳು. ಒಳಗಿನಿಂದ ಕರಿ ಬೆಕ್ಕು ಬುಸ್ಸೆಂದಿತು. ಕೈ ಬಿಟ್ಟಳು.

"ಮಸಿ ಮರಿ ಹಾಕಿದೆ," ಎಂದಳು, ಬಾಗಿಲಲ್ಲಿ ನಿಂತಿದ್ದ ಮಗಳಿಗೆ. "ಅಪ್ಪನ ಕೌದಿ ಮೇಲೇ."

ನಡುಮನೆಯಲ್ಲಿ ಅವಳ ಗಂಡ ಬಿಳಿ ಬಟ್ಟೆಯಡಿ ತಣ್ಣಗೆ ಮಲಗಿದ್ದ. ಜೀವಮಾನವೆಲ್ಲ ಆಸ್ಪತ್ರೆಯ ಆಂಬುಲೆನ್ಸ್ ಓಡಿಸಿದವನು. ಅವನು ಹೊಲಿದ ಕೌದಿಗಳೆಲ್ಲ ಕಂಡವರ ಮನೆ ಸೇರಿ, ಉಳಿದದ್ದು ಮೊನ್ನೆ ಮೊನ್ನೆ ಮುಗಿಸಿದ ಇದೊಂದೇ. ಇದನ್ನೇ ಹೊದಿಸಿ ಕಳಿಸಬೇಕು. ಅವಳಿಗೆ ಬೇರೇನೂ ಬೇಕಿರಲಿಲ್ಲ.

ಗಂಡನ ಅಣ್ಣ, ಅವಳ ಭಾವ, ಬಂದು ಇಣುಕಿದರು. "ಇನ್ನೇನಮ್ಮ ತಡ? ಜನ ಬಂದಾಯ್ತು, ಗಜನೂ ಗಾಡಿ ತಂದು ನಿಲ್ಸಿದ್ದಾನೆ. ಬೆಕ್ಕನ್ನ ಓಡ್ಸಿ ಎಳ್ಕೊಂಡ್ರಾಯ್ತು."

"ಎಳೇ ಮರಿಗಳು ಭಾವ. ಈಗ ಮುಟ್ಟಿದ್ರೆ ಈ ಮಂಜಲ್ಲಿ ಕಚ್ಕೊಂಡು ಹೊರಟುಬಿಡುತ್ತೆ."

"ಹೋಗ್ಲಿ. ಬೆಕ್ಕು ಅಂದ್ಮೇಲೆ ಏಳು ಮನೆ ತಿರುಗ್ಲೇಬೇಕು."

"ಏಳು ಮನೆ ತಿರುಗಿದ ಬೆಕ್ಕೆಲ್ಲ ಕೊನೆಗೆ ಸೇರೋದು ಈ ಮನೇನೇ ಅಲ್ವೇನಪ್ಪ," ಎಂದಳು ಪಕ್ಕದ ಮನೆಯ ಅಜ್ಜಿ. "ನಮ್ಮದನ್ನೇ ನೋಡು. ಊಟಕ್ಕೆ ನನ್ನ ಮನೆ, ನಿದ್ದೆಗೆ ನಿನ್ನ ತಮ್ಮನ ತೊಡೆ. ನಾನೇನು, ಬರೀ ಅಡುಗೆಯವಳು."

ನಾಲ್ಕು ಜನ ನಕ್ಕರು. ಸಾವಿನ ಮನೆಯೆಂಬುದು ನೆನಪಾಗಿ ಗಂಟಲು ಸರಿಮಾಡಿಕೊಂಡರು. ಕಪಾಟಿನ ಮೇಲಿಂದ, ಕಿಟಕಿಯಿಂದ, ಬುಟ್ಟಿಯಿಂದ ಬೆಕ್ಕುಗಳು ಅವರನ್ನು ನೋಡಿದವು.

"ಒಂದು ಗಳಿಗೆ ತಡೀರಿ," ಎಂದಳು ಅವಳು.

*

ಆಂಬುಲೆನ್ಸ್ ಓಡಿಸುತ್ತಿದ್ದ ಕಾಲದಲ್ಲಿ ಗಂಡ ಕೆಲಸ ಮುಗಿಸಿ ಬಂದರೆ ಸೈರನ್ನೂ ಅವನ ಹಿಂದೆಯೇ ಮನೆಯೊಳಗೆ ಬರುತ್ತಿತ್ತು. ಗಾಡಿಯಲ್ಲೇ ಒಂದು ಮಗು ಕಣ್ಣುಮುಚ್ಚಿದ ದಿನ ಅವನ ಕೈಯಲ್ಲಿ ಚಹಾದ ಲೋಟ ನಿಲ್ಲಲಿಲ್ಲ. ಅವಳು ಬೆಕ್ಕುಗಳಿಗೆಂದು ಹಳೇ ಬಟ್ಟೆ ಕೂಡಿಸಿ ಹೊಲಿಯುತ್ತಿದ್ದಳು. ಸಮಾಧಾನದ ಮಾತು ಅವಳಿಗೆ ಬರುತ್ತಿರಲಿಲ್ಲ. ಸೂಜಿ ಪೋಣಿಸಿ ಅವನ ಕೈಗಿಟ್ಟಳು.

"ಇಲ್ಲಿಂದ ಅಲ್ಲೀವರೆಗೆ ಹೊಲೀರಿ. ಸೊಟ್ಟಗಾದ್ರೆ ಬೆಕ್ಕೇನು ಜಗಳಕ್ಕೆ ಬರಲ್ಲ."

ಸೊಟ್ಟಗೇ ಹೊಲಿದ. ಒಂದು ಬೆಕ್ಕು ಬಂದು ತೊಡೆಯೇರಿತು. ಅದು ಎದ್ದುಹೋದೀತೆಂದು ಅಲುಗಾಡದೆ ಹೊಲಿದ. ನಡುಕ ಯಾವಾಗ ನಿಂತಿತೋ ಇಬ್ಬರಿಗೂ ತಿಳಿಯಲಿಲ್ಲ.

ಆಮೇಲೆ ಕೆಟ್ಟ ದಿನಗಳಿಗೆಲ್ಲ ಅದೇ ಮದ್ದಾಯಿತು. "ಏನೋ, ಸ್ಟೀರಿಂಗ್ ಬಿಟ್ಟು ಸೂಜಿ ಹಿಡಿದ್ಯಾ?" ಎಂದು ಅಣ್ಣ ಚುಚ್ಚಿದರೆ, "ಇದರ ಬ್ರೇಕು ಚೆನ್ನಾಗಿ ಹಿಡಿಯುತ್ತೆ ಅಣ್ಣ," ಎನ್ನುತ್ತಿದ್ದ. ಹೊಲಿಗೆಯ ಮೇಲೆ ಬೆಕ್ಕು ಮಲಗಿದರೆ ಎಬ್ಬಿಸುತ್ತಿರಲಿಲ್ಲ. ಅದರ ಸುತ್ತ ಹೊಲಿದುಕೊಂಡು ಹೋಗುತ್ತಿದ್ದ.

"ಹಗಲೆಲ್ಲ ದಾರಿ ಬಿಡಿ, ದಾರಿ ಬಿಡಿ ಅಂತ ಊರನ್ನೇ ಸರಿಸ್ತೀನಿ," ಎಂದಿದ್ದ ಒಮ್ಮೆ. "ಎಲ್ಲರೂ ಬಿಟ್ಟಿದ್ದಾರೆ, ಪುಣ್ಯಾತ್ಮರು. ಮನೇಲಾದ್ರೂ ನಾನು ಯಾರಿಗಾದ್ರೂ ಬಿಡಬೇಡ್ವೇನೇ?"

*

"ಕತ್ತರಿ ಕೊಡು," ಎಂದಳು ಮಗಳಿಗೆ.

"ಅಮ್ಮ, ಅಪ್ಪನ ಕೊನೇ ಕೌದಿ ಇದು."

"ತುಂಡು ತುಂಡು ಸೇರಿ ಆದದ್ದೇ ತಾನೇ. ಅದಕ್ಕೆ ಕತ್ತರಿ ಹೊಸದಲ್ಲ."

ಮಸಿಯ ಮೈ ತಾಗದಷ್ಟು ದೂರ ಬಿಟ್ಟು ಅವಳು ಕತ್ತರಿಸಿದಳು. ಒಳಗೆ ಮೂರೋ ನಾಲ್ಕೋ ಹಸಿ ಜೀವಗಳು ತಾಯಿಯ ಹೊಟ್ಟೆಯನ್ನು ತಡಕುತ್ತಿದ್ದವು. ಒಬ್ಬನನ್ನು ಕರೆದುಕೊಂಡ ಮನೆಗೇ ಇಷ್ಟನ್ನು ಕಳಿಸಿದ್ದೀಯಲ್ಲ ದೇವರೇ, ನಿನ್ನ ಲೆಕ್ಕ ನಿನಗೇ ಗೊತ್ತು ಎಂದುಕೊಂಡಳು. ಸಿಟ್ಟು ಬರಲಿಲ್ಲ. "ನಿನ್ನ ಪಾಲು ನೀನಿಟ್ಕೋ ತಾಯಿ," ಎಂದು ಮಸಿಗೆ ಹೇಳಿ ಎದ್ದಳು.

ಭಾವ ಅರ್ಧ ಕೌದಿಯನ್ನು ಬಹಳ ಹೊತ್ತು ನೋಡಿದರು. "ಎದೆವರೆಗೆ ಬರುತ್ತೆ. ಸಾಕು," ಎಂದರು. ಅವರ ದನಿ ತಗ್ಗಿತ್ತು.

ಆದರೆ ಕತ್ತರಿಸಿದ ಅಂಚು ಬಾಯಿ ಬಿಟ್ಟುಕೊಂಡಿತ್ತು. ಪದರಗಳಿಂದ ದಾರ ಜೋತುಬಿದ್ದಿತ್ತು. ಹೀಗೆ ಹೇಗೆ ಹೊದಿಸುವುದು? ಗಂಡನ ಪಕ್ಕದಲ್ಲೇ ಕುಳಿತು ಸೂಜಿ ತೆಗೆದಳು. ದಾರ ಸೂಜಿಯ ಕಣ್ಣಿಗೆ ಹೋಗಲೊಲ್ಲದು. ಇಡೀ ಬೆಳಗು ಸುಮ್ಮನಿದ್ದ ಅವಳ ಕೈ ಈಗ ನಡುಗುತ್ತಿತ್ತು.

"ಕೊಡಿ ಅತ್ತಿಗೆ."

ಗಜ. ಆನೆಯಂಥ ಮೈಗೆ ಬಂದ ಹೆಸರು. ಗಂಡನ ಜೊತೆ ಆಂಬುಲೆನ್ಸ್ ಓಡಿಸಿದವನು. ಇಂದು ಅವನನ್ನು ಕರೆದೊಯ್ಯುವ ಗಾಡಿಯೂ ಇವನದೇ. ಚಪ್ಪಲಿ ಕಳಚಿ, ಕೈ ತೊಳೆದುಕೊಂಡು ಬಂದು ಅವಳ ಪಕ್ಕ ಕುಳಿತ. ಬಾಳೆಹಣ್ಣಿನಂಥ ಬೆರಳುಗಳಲ್ಲಿ ದಾರ ಒಂದೇ ಸಲಕ್ಕೆ ಪೋಣಿಸಿದ. ಅಂಚು ಒಳಕ್ಕೆ ಮಡಚಿ, ಇರುವೆ ಸಾಲಿನ ಹಾಗೆ ಹೊಲಿಯತೊಡಗಿದ.

"ನಿಂಗೂ ಬರುತ್ತೇನಯ್ಯಾ ಇದು?" ಎಂದರು ಭಾವ.

"ಇಲ್ಲಿ ಮಲಗಿರೋ ಅಣ್ಣಾನೇ ಕಲಿಸಿದ್ದು. ಒಂದ್ಸಲ ಕೆಲಸಾನೇ ಬಿಟ್ಟು ಹೋಗೋಣ ಅಂತಿದ್ದೆ, ನಿದ್ದೆ ಬರ್ತಿರ್ಲಿಲ್ಲ. ಪಕ್ಕ ಕೂರಿಸ್ಕೊಂಡು ಸೂಜಿ ಕೊಟ್ರು." ಗಜ ತಲೆ ಎತ್ತಲಿಲ್ಲ. "ನಿದ್ದೆ ಬಂತು ಅಂತ ಹೇಳೋಕೆ ಹೋದೆ. ನಂಗ್ಯಾಕೋ ಹೇಳ್ತೀಯ, ಇದು ನನ್ನ ಹೆಂಡ್ತಿ ಕೊಟ್ಟಿದ್ದು, ಅವಳಿಗೆ ಹೇಳು ಅಂದ್ರು. ಹೆಂಗೆ ಹೇಳೋದು ಅಂತ ಇಷ್ಟು ದಿನ ಸುಮ್ನಿದ್ದೆ."

ಸೂಜಿ ಕೊನೆಯ ಮೂಲೆ ಮುಟ್ಟಿತು. ಗಜ ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದ. ಕೌದಿಯನ್ನು ಮಡಿಸಿ, ಹೊಲಿದ ಅಂಚು ಅವಳ ಕಡೆಗೆ ಬರುವಂತೆ ತಿರುಗಿಸಿ, ಎರಡೂ ಕೈಯಲ್ಲಿ ಹಿಡಿದು ಅವಳ ಮಡಿಲಿಗಿಟ್ಟ.